ಸಮುದ್ರ ನೋಡದವಳ ಕೆಸರು ಪುರಾಣ

ಸಮುದ್ರವೇ ಇಲ್ಲದ ಊರಲ್ಲಿ ಕೂತು ಸಮುದ್ರದ ತಳ ಓದುತ್ತೇನೆ ಎನ್ನುವವರು ಅವಮಾನವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವಮಾನವೇ ಬಂಗಾರಪೇಟೆಯಲ್ಲಿ ಬಸ್ಸು ಹತ್ತಿ, ಪಕ್ಕದ ಸೀಟಿನಲ್ಲಿ ಕೂತು, "ಏನಮ್ಮಾ ಅದು, ಕೈಯಲ್ಲಿ ಎಕ್ಸ್‌ರೇನಾ?" ಎಂದು ವಿಚಾರಿಸುತ್ತದೆ. ನನಗೆ ಏಳು ವರ್ಷ ಈ ವಿಚಾರಣೆ ನಡೆಯಿತು.

ಎಂಬತ್ತರ ದಶಕದ ಮಾತು. ನಾನು ಕೆ.ಜಿ.ಎಫ್.ನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ವಾರವೆಲ್ಲ ರಾಬರ್ಟ್‌ಸನ್‌ಪೇಟೆಯ ಬಾಡಿಗೆ ಕೋಣೆ, ಶನಿವಾರ ಸಂಜೆ ಬೂದಿಕೋಟೆಯಲ್ಲಿ ಅಮ್ಮನ ಮನೆ. ಇದರ ನಡುವೆ ಪಿಎಚ್.ಡಿ. ಎಂಬ ಹುಚ್ಚು. ವಿಷಯ: ಆಳ ಸಮುದ್ರದ ತಳದ ಕೆಸರಿನಲ್ಲಿ ಪ್ರಾಣಿಗಳು ಬಿಟ್ಟುಹೋದ ಗುರುತುಗಳು. ಎಲ್ಲೋ ನಡುಗಡಲಿನಲ್ಲಿ ಹಡಗಿನವರು ಐದು ಕಿಲೋಮೀಟರ್ ಆಳಕ್ಕೆ ಕ್ಯಾಮೆರಾ ಇಳಿಸಿ ಫೋಟೋ ತೆಗೆಯುತ್ತಿದ್ದರು. ಆ ಫೋಟೋಗಳಲ್ಲಿ ಪ್ರಾಣಿ ಕಾಣಿಸುವುದು ಬಹಳ ಅಪರೂಪ. ಕಾಣುವುದು ಬರೀ ಗುರುತು. ಒಂದು ಎಳೆದುಕೊಂಡು ಹೋದ ಗೆರೆ, ಒಂದು ಬಿಲದ ಬಾಯಿ, ಹುಳ ಹಾಕಿದ ಸುರುಳಿ ಹಿಕ್ಕೆ, ನಕ್ಷತ್ರ ಮೀನು ಮಲಗಿ ಎದ್ದ ಅಚ್ಚು. ಯಾರೂ ಇಲ್ಲದ ಮನೆಗೆ ನುಗ್ಗಿ, ಎಂಜಲು ತಟ್ಟೆ ನೋಡಿ, ಯಾರು ಉಂಡರು ಅಂತ ಹೇಳುವ ಕೆಲಸ.

ನಾನು ಸಮುದ್ರ ನೋಡಿರಲಿಲ್ಲ. ಹಡಗಿಗೆ ಬರುತ್ತೇನೆ ಎಂದು ಅರ್ಜಿ ಹಾಕಿದ್ದೆ. ಹಡಗಿನಲ್ಲಿ ಹೆಂಗಸರಿಗೆ ಪ್ರತ್ಯೇಕ ಬಚ್ಚಲಿಲ್ಲ, ಆದ್ದರಿಂದ ಸಾಧ್ಯವಿಲ್ಲ ಎಂದು ಉತ್ತರ ಬಂತು. ಐದು ಕಿಲೋಮೀಟರ್ ಆಳಕ್ಕೆ ಕ್ಯಾಮೆರಾ ಇಳಿಸಬಲ್ಲ ಮಹಾನುಭಾವರಿಗೆ ಒಂದು ಬಾಗಿಲಿಗೆ ಚಿಲಕ ಹಾಕಿಸುವುದು ಕೈಲಾಗಿರಲಿಲ್ಲ. ಹಾಗಾಗಿ ನೆಗೆಟಿವ್‌ಗಳು ಡಬ್ಬಿಗಟ್ಟಲೆ ನನ್ನ ಕೋಣೆಗೇ ಬಂದವು. ನಾನು ಭೂತಗನ್ನಡಿ ಹಿಡಿದು ಕೂತೆ.

ಏಳನೆಯ ವರ್ಷದ ಹೊತ್ತಿಗೆ ವಿಶ್ವವಿದ್ಯಾಲಯದಿಂದ ಕಾಗದ ಬಂತು. ಬರುವ ಮಾರ್ಚಿಯೊಳಗೆ ಗೈಡಿನ ಸಹಿ ಹಾಕಿದ ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು. ಡಿಗ್ರಿ ಇಲ್ಲದಿದ್ದರೆ ನನ್ನ ಹಂಗಾಮಿ ಕೆಲಸವೂ ಮುಂದುವರಿಯುವುದಿಲ್ಲ ಎಂದು ಪ್ರಿನ್ಸಿಪಾಲರು ಮೊದಲೇ ಹೇಳಿದ್ದರು. ಅಂದರೆ ಏಳು ವರ್ಷದ ಕೆಸರು, ಕೆಲಸ, ಎರಡೂ ಒಂದು ಸಹಿಯ ಮೇಲೆ ನಿಂತಿದ್ದವು. ಆ ಒಂದು ವರ್ಷದಲ್ಲಿ ನಡೆದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

೧. ಕಲೆ ತೆಗೆದ ಸಮುದ್ರ

ಪ್ರಬಂಧಕ್ಕೆ ಹಚ್ಚಲು ಕೆಲವು ನೆಗೆಟಿವ್‌ಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಬೇಕಿತ್ತು. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹತ್ತಿರ ಒಂದು ಸ್ಟುಡಿಯೋ. ನಮ್ಮ ಕಡೆ ಗಂಡಿನವರಿಗೆ ಕಳಿಸುವ ಹೆಣ್ಣಿನ ಫೋಟೋ ಎಂದರೆ ಆ ಸ್ಟುಡಿಯೋದ್ದೇ ಆಗಬೇಕು. ಮೊಡವೆ, ಮಚ್ಚೆ, ಸಿಡುಬಿನ ಕಲೆ ಏನೇ ಇರಲಿ, ಮಾಲೀಕರು ಎರಡೇ ಕೂದಲಿನ ಬ್ರಶ್ಶು ಹಿಡಿದು ಎಲ್ಲವನ್ನೂ ಮಾಯ ಮಾಡಿಬಿಡುತ್ತಿದ್ದರು. ಫೋಟೋ ನೋಡಿ ಒಪ್ಪಿದ ಗಂಡುಗಳು ಮುಹೂರ್ತದ ದಿನ ಪೆಚ್ಚಾಗಿ ನಿಂತದ್ದನ್ನು ನಾನೇ ನೋಡಿದ್ದೇನೆ.

ಅವರು ನೆಗೆಟಿವನ್ನು ಬೆಳಕಿಗೆ ಹಿಡಿದರು. "ಇದ್ರಲ್ಲಿ ಮುಖ ಎಲ್ಲಿದೆ ಮೇಡಂ?"

"ಮುಖ ಇಲ್ಲ. ನೆಲ."

"ಯಾರ ನೆಲ? ಸೈಟ್ ವ್ಯಾಜ್ಯನಾ? ಕೋರ್ಟಿಗೆ ಕೊಡೋದಾದ್ರೆ ಮ್ಯಾಟ್ ಪ್ರಿಂಟ್ ಒಳ್ಳೇದು."

"ಸಮುದ್ರದ ನೆಲ."

ಅವರು ನನ್ನನ್ನು ನೋಡಿದರು, ನೆಗೆಟಿವ್ ನೋಡಿದರು, ಮತ್ತೆ ನನ್ನನ್ನು ನೋಡಿದರು. ಇನ್ನೂ ಮದುವೆಯಾಗದ ಮೇಷ್ಟರಮ್ಮನಿಗೆ ಹೀಗಾಗುವುದು ಸಹಜ ಅನ್ನುವ ಕರುಣೆ ಅವರ ಮುಖದಲ್ಲಿತ್ತು. "ಆಗ್ಲಿ, ಬುಧವಾರ ಬನ್ನಿ. ನಿಮಗೋಸ್ಕರ ಸ್ಪೆಷಲ್ಲಾಗಿ ಮಾಡಿಕೊಡ್ತೀನಿ" ಅಂದರು. ಸ್ಪೆಷಲ್ ಎಂದಾಗಲೇ ನಾನು ಎಚ್ಚರವಾಗಬೇಕಿತ್ತು.

ಬುಧವಾರ ಹೋದೆ. ಇಪ್ಪತ್ನಾಲ್ಕು ಪ್ರಿಂಟು. ಮೊದಲನೆಯದು ತೆಗೆದೆ, ದೋಸೆ ಹಿಟ್ಟಿನ ಹಾಗೆ ನುಣ್ಣಗಿತ್ತು. ಎರಡನೆಯದೂ ನುಣ್ಣಗೆ. ಹತ್ತನೆಯದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಒಂದು ಬಿಲವಿಲ್ಲ, ಒಂದು ಗೆರೆಯಿಲ್ಲ. ಯಾವ ಹುಳವೂ ಎಂದೂ ಹುಟ್ಟಿರದ ಸಮುದ್ರ.

"ಏನ್ ಮೇಡಂ ಅಷ್ಟೊಂದು ಕಲೆ!" ಅವರು ಹೆಮ್ಮೆಯಿಂದ ಬ್ರಶ್ಶು ತೋರಿಸಿದರು. "ತೂತು, ಗೀರು, ಗಂಟು. ಎರಡು ದಿನ ಕೂತು ಒಂದೊಂದೇ ಒರೆಸಿದ್ದೀನಿ. ಕಣ್ಣು ನೋವು ಬಂತು."

"ಸ್ವಾಮೀ, ಆ ಕಲೆಗಳೇ ನನಗೆ ಬೇಕಾಗಿದ್ದದ್ದು! ಏಳು ವರ್ಷದಿಂದ ನಾನು ನೋಡ್ತಾ ಇರೋದೇ ಆ ಕಲೆಗಳನ್ನ!"

ಅವರು ಪೆಚ್ಚಾದರು. ಪುಣ್ಯಕ್ಕೆ ಬ್ರಶ್ಶು ಆಡಿಸಿದ್ದು ಪ್ರಿಂಟುಗಳ ಮೇಲೆ, ನೆಗೆಟಿವ್‌ಗಳು ಹಾಗೇ ಇದ್ದವು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಅಷ್ಟನ್ನೂ ಕೇಳಿಸಿಕೊಂಡು, ಕಟ್ಟಿನ ಅಡಿಯಿಂದ ಕೊನೆಯ ಪ್ರಿಂಟು ಎಳೆದು ಮುಂದಿಟ್ಟರು. ಅದರಲ್ಲಿ ಕೆಸರಿನ ಮೇಲೆ ಬಳೆ ಒತ್ತಿದ ಹಾಗೆ ದುಂಡಗಿನ ಒಂದು ಗುರುತು, ಬಳೆಯ ನಟ್ಟನಡುವೆ ಒಂದು ಕಪ್ಪು ಚುಕ್ಕೆ. ಅದೊಂದನ್ನು ಮಾತ್ರ ಮುಟ್ಟಿರಲಿಲ್ಲ.

"ಇದನ್ನ ಯಾಕೆ ಬಿಟ್ರಿ?" ಎಂದು ಕೇಳಿದೆ.

"ಬೇಕೂ ಅಂತಲೇ ಬಿಟ್ಟೆ. ಅಷ್ಟು ನುಣ್ಣಗಿರೋ ನೆಲಕ್ಕೆ ಒಂದು ದೃಷ್ಟಿಬೊಟ್ಟು ಬೇಡ್ವಾ ಮೇಡಂ?"

೨. ವೃತ್ತಗಾಮಿ

ನನ್ನ ಗೈಡು ಬೆಂಗಳೂರಿನ ಪ್ರೊಫೆಸರು. ಅವರ ಕೋಣೆಯ ಗೋಡೆಯ ಮೇಲೆ ಕ್ಯಾಪ್ಟನ್ ಟೋಪಿ ಹಾಕಿಕೊಂಡ ಅವರದೇ ದೊಡ್ಡ ಫೋಟೋ ಇತ್ತು. ಅವರ ಸಮುದ್ರಯಾನದ ಕಥೆ ಇಡೀ ವಿಭಾಗಕ್ಕೆ ಗೊತ್ತಿತ್ತು. ಹಡಗು ಇನ್ನೂ ಲಂಗರು ಎತ್ತಿರಲಿಲ್ಲ, ಇವರು ಆಗಲೇ ಮೂರು ಸಲ ವಾಂತಿ ಮಾಡಿಕೊಂಡಿದ್ದರು. ಟೋಪಿ ಹಾಕಿ ಒಂದು ಫೋಟೋ ಹೊಡೆಸಿಕೊಂಡು ಇಳಿದು ಬಂದರು. ಆಮೇಲೆ ಇಪ್ಪತ್ತು ವರ್ಷ "ನಾನು ಹಡಗಿನಲ್ಲಿದ್ದಾಗ" ಎಂದೇ ಪಾಠ ಶುರುಮಾಡುತ್ತಿದ್ದರು.

ದೃಷ್ಟಿಬೊಟ್ಟಿನ ಪ್ರಿಂಟನ್ನು ಅವರ ಮೇಜಿನ ಮೇಲಿಟ್ಟೆ. ಅಂಥ ದುಂಡು ಗುರುತು ಬೇರೆ ಹತ್ತು ನೆಗೆಟಿವ್‌ಗಳಲ್ಲೂ ಇತ್ತು. ಕೆಲವು ಪೂರ್ತಿ ಸುತ್ತು, ನಾಲ್ಕು ಮಾತ್ರ ಅರ್ಧ ಸುತ್ತು. ಏನೆಂದು ನನಗೆ ತಿಳಿದಿರಲಿಲ್ಲ. ಗೊತ್ತಿಲ್ಲ ಎಂದು ಬರೆಯೋಣ ಸರ್ ಎಂದೆ.

ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಗೊತ್ತಿಲ್ಲ ಅಂತ ಬರೆದು ಯಾರಾದ್ರೂ ಡಾಕ್ಟರ್ ಆಗಿದ್ದಾರೇನ್ರೀ? ಇದು ಹೊಸ ಪ್ರಾಣಿ! ಒಂದೇ ಸಮ ಸುತ್ತು ಹೊಡೆಯುವ ಪ್ರಾಣಿ! ದಿಕ್ಕಿನ ಜ್ಞಾನ ಇರುವ, ಸ್ವತಂತ್ರವಾಗಿ ಚಲಿಸುವ ಪ್ರಾಣಿ!" ಆಗಲೇ ಹೆಸರೂ ಸಿದ್ಧವಾಗಿತ್ತು, ವೃತ್ತಗಾಮಿ. ಅದರ ಹಿಂದೆ ತಮ್ಮ ಹೆಸರನ್ನೂ ಅಂಟಿಸಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕೇಳಿದ್ದೇನೆ, ಕುಲಾವಿಯ ಮೇಲೆ ತಮ್ಮ ಹೆಸರು ಹೆಣೆಸಿಕೊಂಡವರನ್ನು ಅವತ್ತೇ ನೋಡಿದ್ದು.

"ಸರ್, ಮಧ್ಯದಲ್ಲಿ ಒಂದು ಚುಕ್ಕೆ ಇದೆಯಲ್ಲ?"

"ಅದು ನಿಮ್ಮ ಸ್ಟುಡಿಯೋದವನ ಬ್ರಶ್ಶು."

"ನೆಗೆಟಿವ್‌ನಲ್ಲೂ ಇದೆ ಸರ್."

"ಹಾಗಾದ್ರೆ ಧೂಳು."

"ಹನ್ನೊಂದು ನೆಗೆಟಿವ್‌ನಲ್ಲೂ ಸರಿಯಾಗಿ ನಟ್ಟನಡುವೆಯೇ ಕೂರುತ್ತಾ ಸರ್ ಧೂಳು?"

"ಕೆ.ಜಿ.ಎಫ್. ಧೂಳು ಕಣ್ರೀ. ಎಲ್ಲಿ ಬೇಕಾದ್ರೂ ಕೂರುತ್ತೆ."

ಆಮೇಲೆ ದನಿ ತಗ್ಗಿಸಿ ಹೇಳಿದರು. ಈಗಾಗಲೇ ಒಂದು ಸಮ್ಮೇಳನದಲ್ಲಿ ವೃತ್ತಗಾಮಿಯ ಬಗ್ಗೆ ಮಾತಾಡಿಬಿಟ್ಟಿದ್ದಾರೆ. ಅಧ್ಯಾಯ ಹಾಗೇ ಬಂದರೆ ಸಹಿ, ಇಲ್ಲದಿದ್ದರೆ ಇಲ್ಲ. ನನಗೆ ಸಿಟ್ಟಿನಿಂದ ಕಿವಿ ಬಿಸಿಯಾಯಿತು. ಆದರೆ ಮಾರ್ಚಿ ನನ್ನ ಕಣ್ಣ ಮುಂದಿತ್ತು, ಪ್ರಿಂಟನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಬಾಗಿಲ ಹತ್ತಿರ ಹೋದಮೇಲೆ ಮಾತ್ರ ತಡೆಯಲಾರದೆ ಕೇಳಿದೆ.

"ಸರ್, ಹನ್ನೊಂದು ಫೋಟೋದಲ್ಲಿ ಒಂದರಲ್ಲೂ ಆ ಪ್ರಾಣಿ ಇಲ್ಲವಲ್ಲ?"

"ಹುಡುಕೋದು ನಿಮ್ಮ ಕೆಲಸ ಕಣ್ರೀ. ಹೆಸರಿಡೋದು ನನ್ನ ಕೆಲಸ."

೩. ಮೈಸೂರು ಪಾಕಿನ ಜಾಡು

ನಮ್ಮ ಪ್ರಿನ್ಸಿಪಾಲರು ಗಣಿತದವರು. ಅವರ ಪ್ರಕಾರ ಪ್ರಾಣಿಶಾಸ್ತ್ರವೆಂದರೆ ಕಪ್ಪೆ ಕೊಯ್ಯುವುದು. ಕಪ್ಪೆಯೂ ಇಲ್ಲದ ನನ್ನ ಸಂಶೋಧನೆಯನ್ನು ಸ್ಟಾಫ್ ಮೀಟಿಂಗಿನಲ್ಲಿ ಪ್ರತಿಸಲ ಎತ್ತಿ ಆಡುತ್ತಿದ್ದರು. "ನಮ್ಮ ಮೇಡಂ ಪ್ರಾಣಿ ಇಲ್ಲದ ಪ್ರಾಣಿಶಾಸ್ತ್ರ ಮಾಡ್ತಾರೆ. ನಾಳೆ ಯಾರಾದ್ರೂ ಅಂಕಿ ಇಲ್ಲದ ಗಣಿತ ಮಾಡಬಹುದು." ಎಲ್ಲರೂ ನಗುತ್ತಿದ್ದರು. ನಗದಿದ್ದವರಿಗೆ ಬೆಳಗಿನ ಮೊದಲ ಪೀರಿಯಡ್ಡು ಬೀಳುತ್ತಿತ್ತು.

ಆಷಾಢದಲ್ಲಿ ಒಂದು ದಿನ ತನಿಖಾ ತಂಡ ಬರುವುದಿತ್ತು. ಅವರಿಗೆಂದು ಒಂದು ಡಬ್ಬಿ ಮೈಸೂರು ಪಾಕು ತರಿಸಿ ಪ್ರಿನ್ಸಿಪಾಲರ ಕೋಣೆಯ ಬೀರುವಿನಲ್ಲಿ ಇಟ್ಟಿದ್ದರು. ತಂಡ ಬಂದು ಕೂತಮೇಲೆ ಪ್ರಿನ್ಸಿಪಾಲರೇ ಎದ್ದು ಡಬ್ಬಿ ತೆಗೆದರೆ ಎರಡೇ ತುಂಡು ಉಳಿದಿದ್ದವು. ತಂಡ ಬಿಸ್ಕತ್ತು ತಿಂದು ಹೋಯಿತು. ಪ್ರಿನ್ಸಿಪಾಲರು ಕೆಂಡವಾದರು. ಜವಾನರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೊನೆಗೆ ನನಗೂ ಹೇಳಿಕಳಿಸಿದರು.

"ಬನ್ನಿ ಮೇಡಂ. ಸಮುದ್ರದ ಕೆಳಗೆ ಯಾವ ಹುಳ ಎಲ್ಲಿ ಹೋಯ್ತು ಅಂತ ಹೇಳ್ತೀರಲ್ಲ, ಇಲ್ಲಿ ಕಳ್ಳ ಯಾರು ಅಂತ ಹೇಳಿ. ನಿಮ್ಮ ವಿದ್ಯೆ ಒಂದು ಸಲವಾದರೂ ಉಪಯೋಗಕ್ಕೆ ಬರಲಿ."

ಕೆ.ಜಿ.ಎಫ್.ನಲ್ಲಿ ಚಿನ್ನ ಹಿಂಡಿಕೊಂಡು ಬಿಸಾಡಿದ ಪುಡಿಯ ಗುಡ್ಡಗಳಿವೆ, ಸೈನೈಡ್ ಗುಡ್ಡ ಅನ್ನುತ್ತೇವೆ. ಆಷಾಢದ ಗಾಳಿ ಬೀಸಿತೆಂದರೆ ಆ ಪುಡಿ ಊರಿನ ಅನ್ನದ ಪಾತ್ರೆಯಿಂದ ಹಿಡಿದು ಪ್ರಿನ್ಸಿಪಾಲರ ಕೋಣೆಯವರೆಗೂ ಕೂರುತ್ತದೆ. ಅವತ್ತು ನೆಲದ ಮೇಲೆ ತೆಳ್ಳಗೆ, ಬಿಳಿಯಾಗಿ, ಒಂದೇ ಸಮ ಹರಡಿತ್ತು. ನನ್ನ ಸಮುದ್ರದ ಕೆಸರಿಗಿಂತ ಸ್ಪಷ್ಟ. ತಂಡದವರು, ಜವಾನರು ಎಲ್ಲ ಓಡಾಡಿದ್ದು ಬಾಗಿಲ ಕಡೆ. ಬೀರುವಿನ ಕಡೆಗೆ ಇದ್ದದ್ದು ಒಂದೇ ಒಂದು ಜಾಡು.

ನಾನು ಬಗ್ಗಿ ನೋಡಿದೆ. ಚಪ್ಪಲಿಯ ಗುರುತು. ಬಲಗಾಲು ಪೂರ್ತಿ ಊರಿದೆ. ಎಡಗಾಲಿನ ಹಿಮ್ಮಡಿ ಊರದೆ, ತುದಿಯಲ್ಲೇ ಎಳೆದುಕೊಂಡು ಹೋಗಿದೆ, ಹಿಮ್ಮಡಿಯಲ್ಲಿ ಆಣಿ ಇರುವವರ ನಡಿಗೆ. ಹೋಗುವಾಗ ಹೆಜ್ಜೆ ದೂರ ದೂರ, ಬರುವಾಗ ಹತ್ತಿರ ಹತ್ತಿರ, ಹೊಟ್ಟೆ ತುಂಬಿದವರದು. ಒಂದಲ್ಲ, ಐದು ಸಲ ಹೋಗಿ ಬಂದಿದೆ. ನಾನು ಜಾಡು ಹಿಡಿದು ನಡೆದೆ, ಸಾಲಾಗಿ ನಿಂತ ಜವಾನರೂ ಕತ್ತು ತಿರುಗಿಸಿ ಹಿಂಬಾಲಿಸಿದರು. ಜಾಡು ಮೇಜಿನ ಸುತ್ತ ತಿರುಗಿ ಪ್ರಿನ್ಸಿಪಾಲರ ಕುರ್ಚಿಯ ಕೆಳಗೆ ಕೊನೆಯಾಯಿತು. ಸಕ್ಕರೆ ಮುಟ್ಟಬಾರದೆಂದು ಡಾಕ್ಟರು ಅವರಿಗೆ ಹೇಳಿ ಆರು ತಿಂಗಳಾಗಿತ್ತು.

ಪ್ರಿನ್ಸಿಪಾಲರು ಎಡಗಾಲನ್ನು ಮೆಲ್ಲಗೆ ಕುರ್ಚಿಯ ಅಡಿಗೆ ಎಳೆದುಕೊಂಡು, "ಗಾಳಿ ಜಾಸ್ತಿ ಇದೆ. ಈ ಗುರುತುಗಳನ್ನೆಲ್ಲ ನಂಬೋಕಾಗಲ್ಲ" ಅಂದರು.

ಮಾರನೆಯ ದಿನ ನೋಟೀಸ್ ಬೋರ್ಡಿಗೆ ಆದೇಶ ಬಂತು. ಇನ್ನು ಮುಂದೆ ಪ್ರಿನ್ಸಿಪಾಲರ ಕೋಣೆಯ ನೆಲವನ್ನು ದಿನಕ್ಕೆ ಮೂರು ಸಲ ಒದ್ದೆ ಬಟ್ಟೆಯಲ್ಲಿ ಒರೆಸತಕ್ಕದ್ದು.

೪. ಒಂದು ಶಿಫ್ಟ್

ನನಗೆ ಕೋಣೆ ಕೊಟ್ಟಿದ್ದ ಮನೆ ಮಾಲೀಕರು ಮೂವತ್ತು ವರ್ಷ ಗಣಿಗೆ ಇಳಿದು ಹತ್ತಿ ರಿಟೈರಾದವರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ನನ್ನ ಹತ್ತಿರ ಎರಡನ್ನೂ ಕಲಸಿದ ಕನ್ನಡ. ಒಂದು ಸಂಜೆ ಮುಂಬಾಗಿಲಲ್ಲಿ ಫೋಟೋ ಹರಡಿಕೊಂಡು ಕೂತಿದ್ದಾಗ ಬಂದು ಪಕ್ಕದಲ್ಲಿ ಕುಕ್ಕರಿಸಿದರು.

"ಎನ್ನಮ್ಮಾ, ಎಷ್ಟು ಆಳ ಅಂದೆ?"

"ಐದು ಕಿಲೋಮೀಟರ್."

"ಪರವಾಗಿಲ್ಲೆ. ನಾನು ಮೂರು ಇಳಿದಿದೀನಿ. ಅಲ್ಲಿ ನೀರು, ಇಲ್ಲಿ ಬೆವರು. ಕತ್ತಲೆ ಎರಡೂ ಕಡೆ ಒಂದೇ."

ಅವರಿಗೆ ಭೂತಗನ್ನಡಿ ಕೊಟ್ಟೆ. ಸಮುದ್ರ ಸೌತೆ ಎಂಬ ಪ್ರಾಣಿ ಕೆಸರು ತಿನ್ನುತ್ತಾ ಸಾಗಿದ ಗೆರೆಯನ್ನು ಬಹಳ ಹೊತ್ತು ನೋಡಿದರು. ಒಂದು ಸಾಲು ಹೋಗಿ, ತಿರುಗಿ, ಪಕ್ಕದಲ್ಲೇ ಇನ್ನೊಂದು ಸಾಲು ಬರುತ್ತದೆ, ಉಳುಮೆಯ ಹಾಗೆ. ಒಮ್ಮೆ ತುಳಿದಲ್ಲಿ ಮತ್ತೆ ತುಳಿಯುವುದಿಲ್ಲ.

"ಇವನು ಒಳ್ಳೆ ಕೆಲಸಗಾರ" ಅಂದರು. "ಸಾಪ್ಪಾಡು, ಊಟ, ಎಲ್ಲಿದೆಯೋ ಅಲ್ಲಿ ಹೋಗ್ತಾನೆ. ಸುಮ್ನೆ ಕಾಲು ಸವೆಸಲ್ಲ."

ಆಮೇಲೆ ದುಂಡು ಗುರುತು ತೋರಿಸಿದೆ. ಇದು ಸುಮ್ಮನೆ ಸುತ್ತು ಹೊಡೆಯುವ ಪ್ರಾಣಿ ಅಂತ ನಮ್ಮ ಪ್ರೊಫೆಸರು ಹೇಳುತ್ತಾರೆ ಎಂದೆ. ಅವರಿಗೆ ಸಿಟ್ಟೇ ಬಂತು.

"ಯಾರಮ್ಮಾ ಆ ಪೈತ್ಯಕ್ಕಾರ, ಆ ಹುಚ್ಚ? ಆಳದಲ್ಲಿ ಯಾರೂ ಸುಮ್ನೆ ಹೆಜ್ಜೆ ಇಡಲ್ಲ. ಒಂದು ಹೆಜ್ಜೆಗೆ ಒಂದು ಉಸಿರು ಖರ್ಚು. ಹುಳ ಆದ್ರೂ ಅಷ್ಟೇ, ಮನುಷ್ಯ ಆದ್ರೂ ಅಷ್ಟೇ." ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. "ಮೂವತ್ತು ವರ್ಷ ಕೆಳಗೆ ನಡೆದೆನಮ್ಮಾ. ನನ್ನ ಹೆಜ್ಜೆ ಒಬ್ಬನೂ ಫೋಟೋ ಹಿಡೀಲಿಲ್ಲ."

ಏಳು ವರ್ಷ ಹುಳದ ಹೆಜ್ಜೆ ಎಣಿಸಿದವಳು, ದಿನಾ ಬೆಳಿಗ್ಗೆ ನನಗೆ ನೀರು ಸೇದಿಕೊಡುತ್ತಿದ್ದ ಇವರ ಹೆಜ್ಜೆಯ ಬಗ್ಗೆ ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಅದು ಅವರಿಗೆ ಕಂಡಿರಬೇಕು, ಬೆನ್ನು ತಟ್ಟಿ ಎದ್ದರು.

"ಒಂದು ಕೆಲಸ ಮಾಡಮ್ಮಾ. ಆ ಪ್ರೊಫೆಸರನ್ನ ಒಂದೇ ಒಂದು ಶಿಫ್ಟ್ ಕೆಳಗೆ ಇಳಿಸು. ಮೇಲೆ ಬಂದಮೇಲೆ ಸುತ್ತು ಹೊಡೆಯೋದಿರಲಿ, ಒಂದು ವಾರ ಮಗ್ಗುಲೂ ಬದಲಾಯಿಸಲ್ಲ."

೫. ಸಹಿ ಬಿದ್ದ ಭಾನುವಾರ

ನನ್ನ ಸಂಶೋಧನೆಯನ್ನು ಎಲ್ಲರಿಗಿಂತ ಹೆಚ್ಚು ಹೀಯಾಳಿಸಿದವಳು ನನ್ನ ಅಮ್ಮ. ಬೂದಿಕೋಟೆಯಲ್ಲಿ ಎರಡು ಎಕರೆ ರಾಗಿ ಹೊಲ, ಮೂರು ಹಸು, ದಿನಾ ಎರಡು ಹೊತ್ತು ಡೈರಿಗೆ ಹಾಲು. "ಏಳು ವರ್ಸ ಕೆಸ್ರು ನೋಡಕ್ಕೆ ಸಮುದ್ರದ್ದೇ ಆಗ್ಬೇಕೇನೇ? ನಮ್ ಕೆರೇದು ಸಾಲಲ್ವಾ?" ಎಂದು ಪ್ರತಿ ಶನಿವಾರ ತಟ್ಟೆಯ ಮುಂದೆ ಕೇಳುವಳು. ಬಂದವರಿಗೆಲ್ಲ, "ನನ್ ಮಗಳು ಮೀನಿನ ಎಜ್ಜೆ ಉಡುಕ್ತಾವ್ಳೆ" ಅನ್ನುವಳು. ಮೀನಿಗೆ ಕಾಲಿಲ್ಲ ಎಂದು ತಿದ್ದಿದರೆ, "ಅದ್ಕೇ ಏಳು ವರ್ಸ ಆಗೈತೆ" ಅನ್ನುವಳು.

ಸಂಕ್ರಾಂತಿ ಕಳೆದಿತ್ತು. ಮಾರ್ಚಿಗೆ ಎರಡು ತಿಂಗಳೂ ಉಳಿದಿರಲಿಲ್ಲ. ವೃತ್ತಗಾಮಿಯ ಅಧ್ಯಾಯ ಬರೆಯಲು ಮನಸ್ಸಿಲ್ಲ, ಬರೆಯದೆ ಗತಿಯಿಲ್ಲ. ಒಂದು ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಹನ್ನೊಂದು ದುಂಡು ಗುರುತಿನ ಪ್ರಿಂಟುಗಳನ್ನೂ ಹರಡಿಕೊಂಡು ಕೂತಿದ್ದೆ. ಈ ಸಲ ಸ್ಟುಡಿಯೋದವರ ಎದುರೇ ನಿಂತು ಬ್ರಶ್ಶು ಮುಟ್ಟಲು ಬಿಡದೆ ಹಾಕಿಸಿದ ಪ್ರಿಂಟುಗಳು. ಅಮ್ಮ ಹುಲ್ಲಿನ ಹೊರೆ ಹೊತ್ತು ಬಂದವಳು ನಿಂತು ಬಗ್ಗಿ ನೋಡಿದಳು.

"ಇದ್ಯಾಕೇ, ನಮ್ ಕೆಂಪಿ ಸುತ್ತಿದಂಗೈತೆ?"

ಕೆಂಪಿ ಎಂದರೆ ನಮ್ಮ ಹಸು. "ಏನಂದೆ?" ಎಂದೆ.

"ಕಟ್ಟಾಕಿರೋದಲ್ವಾ ಇದು? ಗೂಟ ಕಾಣ್ತಾ ಐತಲ್ಲ, ನಡುಮಧ್ಯೆ." ಚುಕ್ಕೆಯ ಮೇಲೆ ಬೆರಳಿಟ್ಟಳು. "ಅಗ್ಗ ಎಷ್ಟುದ್ದವೋ ಅಷ್ಟೇ ಸುತ್ತು. ಬಿಟ್ಟಿರೋ ದನ ಯಾವತ್ತಾನ ಇಂಗೆ ದುಂಡಗೆ ಸುತ್ತುತ್ತೇನೇ? ಎಲ್ಲಿ ಉಲ್ಲೈತೋ ಅತ್ತಾಗೆ ಓಗುತ್ತೆ."

ನಮ್ಮಲ್ಲಿ ರಾಗಿ ಕೊಯ್ದಮೇಲೆ ಹೊಲದ ನಡುವೆ ಗೂಟ ಹೊಡೆದು ಹಸು ಕಟ್ಟುತ್ತಾರೆ. ಹಗ್ಗ ಎಟುಕುವಷ್ಟೂ ಮೇಯ್ದು ತುಳಿದು, ಸಂಜೆಯ ಹೊತ್ತಿಗೆ ನೆಲದ ಮೇಲೆ ಗೀಚಿಟ್ಟ ಹಾಗೆ ಒಂದು ದುಂಡು ಬಿದ್ದಿರುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ವಾದ ಬಿಡಲಿಲ್ಲ. ಅರ್ಧ ಸುತ್ತಿನ ನಾಲ್ಕು ಫೋಟೋ ಎತ್ತಿ ಅವಳ ಮುಂದೆ ಹಿಡಿದೆ. "ಇವು ಯಾಕೆ ಪೂರ್ತಿ ಇಲ್ಲ ಹಾಗಾದ್ರೆ?"

"ಅತ್ತಾಗೆ ಏನಾನ ಅಡ್ಡ ಇರ್ಬೇಕು. ಕಲ್ಲೋ, ಬೇಲಿನೋ. ಕನ್ನಡಿ ಇಟ್ಕೊಂಡಿದ್ದೀಯಲ್ಲ, ನೋಡು."

ನೋಡಿದೆ. ಸಮುದ್ರದ ತಳದಲ್ಲಿ ಆಲೂಗಡ್ಡೆ ಗಾತ್ರದ ಕಪ್ಪು ಗಟ್ಟಿಗಳು ಬಿದ್ದಿರುತ್ತವೆ. ನಾಲ್ಕು ಅರ್ಧ ಸುತ್ತುಗಳೂ ನಿಂತ ಜಾಗದಲ್ಲಿ ನಾಲ್ಕು ಕಪ್ಪು ಗಟ್ಟಿ ಕೂತಿದ್ದವು. ಭೂತಗನ್ನಡಿ ಕೆಳಗಿಟ್ಟು ಹೋ ಎಂದು ಅತ್ತುಬಿಟ್ಟೆ. ಖುಷಿಯೂ ಹೌದು, ಏಳು ವರ್ಷದ ಪೆದ್ದುತನದ ದುಃಖವೂ ಹೌದು.

ಮಿಕ್ಕದ್ದು ನನಗೆ ಹೊಳೆಯಿತು. ಅಲ್ಲಿ ನಡೆದ ಪ್ರಾಣಿಯೇ ಇಲ್ಲ. ಕೆಸರಿನಲ್ಲಿ ಬೇರೂರಿದ ಯಾವುದೋ ಸ್ಪಂಜಿನ ಉದ್ದ ತೊಟ್ಟು ಬಾಗಿ ನೆಲಕ್ಕೆ ಒರಗಿದೆ, ತಳದ ನೀರಿನ ಮೆಲ್ಲನೆಯ ಹರಿವು ಅದನ್ನು ಬುಡದ ಸುತ್ತ ತಿರುಗಿಸಿದೆ, ಅದರ ತುದಿ ಕೆಸರನ್ನು ಗೀಚಿದೆ. ಬುಡವೇ ಗೂಟ, ತೊಟ್ಟೇ ಹಗ್ಗ. ಅಧ್ಯಾಯವನ್ನು ಹಾಗೇ ಬರೆದು, ಕೆಂಪಿಯ ಸುತ್ತಿನ ಅಳತೆಯನ್ನೂ ಸೇರಿಸಿ ಬೆಂಗಳೂರಿಗೆ ಕಳಿಸಿದೆ.

ವಾರದಲ್ಲೇ ಉತ್ತರ ಬಂತು. "ಹಸುವನ್ನು ಸಮುದ್ರಕ್ಕೆ ಇಳಿಸಿದ ಮೊದಲ ವಿಜ್ಞಾನಿ ಎಂಬ ಕೀರ್ತಿ ನಿಮ್ಮದಾಗಲಿ. ಸಹಿ ಮಾತ್ರ ಕೇಳಬೇಡಿ." ನಾನೂ ಹಟಕ್ಕೆ ಬಿದ್ದೆ. ಒಂದು ಸಲ ಬಂದು ಕಣ್ಣಾರೆ ನೋಡಿ ಸರ್, ಆಮೇಲೂ ಒಪ್ಪದಿದ್ದರೆ ವೃತ್ತಗಾಮಿ ಎಂದೇ ಬರೆದುಕೊಡುತ್ತೇನೆ ಎಂದು ಕಾಗದ ಹಾಕಿದೆ. ಕೊನೆಯಲ್ಲಿ, ಅವರೆಕಾಯಿ ಕಾಲ, ನಮ್ಮಮ್ಮ ಹಿತಕಿದ ಬೇಳೆ ಸಾರು ಚೆನ್ನಾಗಿ ಮಾಡುತ್ತಾಳೆ ಎಂದೂ ಸೇರಿಸಿದೆ. ಅವರನ್ನು ಎಳೆದುತಂದದ್ದು ವಿಜ್ಞಾನದ ವಾಕ್ಯವೋ ಸಾರಿನ ವಾಕ್ಯವೋ, ನನಗೆ ಇವತ್ತಿಗೂ ತಿಳಿಯದು.

ಮುಂದಿನ ಭಾನುವಾರವೇ ಪ್ರೊಫೆಸರು ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಬಸ್ಸು ಹತ್ತಿ ಬೂದಿಕೋಟೆಗೆ ಬಂದರು. ಹೊಳೆಯುವ ಬೂಟು, ಕೋಟು. ಅಮ್ಮ ಕೆಂಪಿಯ ಕೊರಳಿಂದ ಹಗ್ಗ ಬಿಚ್ಚಿ ನೀರು ಕುಡಿಸಲು ಹೊಡೆದುಕೊಂಡು ಹೋದಳು. ಹೊಲದ ಮೆತ್ತನೆ ಮಣ್ಣಿನಲ್ಲಿ ಗೂಟ, ಹಗ್ಗ, ಅದರ ಸುತ್ತ ಬಟ್ಟಲು ಬೋರಲು ಹಾಕಿದಷ್ಟು ದುಂಡಗೆ ಕೆಂಪಿಯ ಸುತ್ತು. ಅವರು ಮೂಗು ಮುರಿದರು.

"ಇದು ಕಟ್ಟಿದ ಹಸು, ದುಂಡಗೆ ಸುತ್ತಿದೆ. ಒಪ್ಪಿದೆ. ಆದರೆ ಕಟ್ಟದ ಪ್ರಾಣಿ ದುಂಡಗೆ ಸುತ್ತಲಾರದು ಅನ್ನೋದಕ್ಕೆ ಏನ್ರೀ ಆಧಾರ? ಸ್ವತಂತ್ರ ಪ್ರಾಣಿ ಮನಸ್ಸು ಮಾಡಿದ್ರೆ ಇದಕ್ಕಿಂತ ಚೆನ್ನಾಗಿ ಸುತ್ತುತ್ತೆ. ನೋಡ್ತಾ ಇರಿ."

ಕೋಟು ಕಳಚಿ ನನ್ನ ಕೈಗೆ ಕೊಟ್ಟರು. ಬೂಟು ಬಿಚ್ಚಿದರು. ಪ್ಯಾಂಟು ಮಡಿಚಿಕೊಂಡು, ಪಕ್ಕದ ಖಾಲಿ ಮಣ್ಣಿನಲ್ಲಿ, ಸಮುದ್ರದ ತಳದಲ್ಲೇ ಇದ್ದೇನೆ ಅನ್ನುವ ಗಾಂಭೀರ್ಯದಲ್ಲಿ ನಡೆಯತೊಡಗಿದರು. ಸುತ್ತು ಮುಗಿದಾಗ ಹೊರಟ ಜಾಗಕ್ಕೂ ಬಂದು ನಿಂತ ಜಾಗಕ್ಕೂ ಎರಡು ಮಾರು ದೂರವಿತ್ತು. "ಇದು ಅಭ್ಯಾಸದ ಸುತ್ತು" ಅಂದರು. ಎರಡನೆಯದು ಹಲಸಿನಕಾಯಿಯ ಆಕಾರಕ್ಕೆ ಬಂತು. "ನೆಲ ಇಳಿಜಾರು" ಅಂದರು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ನಡೆದರು, ಆಳದಲ್ಲಿ ಕತ್ತಲೆಯಲ್ಲವೇ. ಆ ಸುತ್ತು ನೇರವಾಗಿ ಹೋಗಿ ನಮ್ಮ ತಿಪ್ಪೆಯಲ್ಲಿ ಮುಗಿಯಿತು. ಬದುವಿನ ಮೇಲೆ ನಾಲ್ಕು ಜನ ಸೇರಿದ್ದರು. ಬೆಂಗಳೂರಿನಿಂದ ಬಂದು ಕೋಟು ಬಿಚ್ಚಿ ಹೊಲ ಸುತ್ತುವವರನ್ನು ನಮ್ಮೂರವರು ಅದುವರೆಗೆ ನೋಡಿರಲಿಲ್ಲ.

ಬಿಸಿಲು ನೆತ್ತಿಗೆ ಬಂತು. ಅವರ ಮುಖ ಕೆಂಪಾಯಿತು, ಹಟ ಮಾತ್ರ ಇಳಿಯಲಿಲ್ಲ. ಅಧ್ಯಾಯದ ಹಾಳೆಗಳು ನನ್ನ ಕಂಕುಳಲ್ಲಿ ಒದ್ದೆಯಾಗುತ್ತಿದ್ದವು. ಇವರ ಒಂದು ಸುತ್ತು ಸರಿಯಾಗಿ ಬಂದರೂ ಮಾತಿನ ಪ್ರಕಾರ ನಾನು ವೃತ್ತಗಾಮಿ ಬರೆಯಬೇಕು, ಬಾರದೆಹೋದರೂ ಇವರು ಒಪ್ಪುವ ಜಾತಿಯಲ್ಲ.

ಆಗ ಅವರು ಸುತ್ತಮುತ್ತ ನೋಡಿದರು. ನೆಟ್ಟಗೆ ಕೆಂಪಿಯ ಗೂಟದ ಹತ್ತಿರ ಹೋದರು. ಬಿದ್ದಿದ್ದ ಹಗ್ಗದ ತುದಿ ಎತ್ತಿ ಬಲಗೈಗೆ ಬಿಗಿಯಾಗಿ ಸುತ್ತಿಕೊಂಡರು. ಹಗ್ಗ ಬಿಗಿಯುವಷ್ಟು ದೂರ ಬಂದು, ಅದನ್ನು ಜಗ್ಗಿ ಹಿಡಿದುಕೊಂಡೇ ಒಂದು ಸುತ್ತು ಓಡಿದರು. ಹೊರಟ ಹೆಜ್ಜೆಯ ಮೇಲೇ ಕೊನೆಯ ಹೆಜ್ಜೆ ಬಿತ್ತು. ಕೈವಾರದಲ್ಲಿ ಎಳೆದ ಹಾಗೆ ದುಂಡು.

"ಬಂತು! ನೋಡಿದ್ರಾ? ಬಂತೋ ಇಲ್ವೋ!" ಎಂದು ಕೂಗಿದರು.

ನಾನು ಅವರ ಕೈ ನೋಡಿದೆ. ನನ್ನ ಕಣ್ಣು ಹೋದ ಕಡೆ ಅವರ ಕಣ್ಣೂ ಹೋಯಿತು. ಕೈಯಿಂದ ಹಗ್ಗಕ್ಕೆ, ಹಗ್ಗದಿಂದ ಗೂಟಕ್ಕೆ, ಗೂಟದಿಂದ ಮತ್ತೆ ಕೈಗೆ. ಆ ಮನುಷ್ಯನನ್ನು ನಾನು ಏನೇ ಆಡಿಕೊಂಡಿರಲಿ, ಒಂದು ಮಾತು ಒಪ್ಪಬೇಕು. ಆ ಗಳಿಗೆಯಲ್ಲಿ ಅವರು ಧೂಳು ಅನ್ನಲಿಲ್ಲ, ಗಾಳಿ ಅನ್ನಲಿಲ್ಲ. ಸಣ್ಣ ದನಿಯಲ್ಲಿ, "ಆ ಹಾಳೆ ತನ್ನಿ" ಅಂದರು. ನಾನು ಓಡಿದೆ. ಪೆನ್ನು ಚಾಚಿದೆ. ಅವರು ಬಲಗೈ ಎತ್ತಲು ನೋಡಿದರು, ಹಗ್ಗ ಗಂಟುಬಿದ್ದು ಕೈ ಬರಲಿಲ್ಲ.

ಅಷ್ಟರಲ್ಲಿ ಕೆಂಪಿಯನ್ನು ಹೊಡೆದುಕೊಂಡು ಬಂದ ಅಮ್ಮ ಬದುವಿನ ಮೇಲೆ ನಿಂತು ಇವರನ್ನು ಒಮ್ಮೆ, ಸುತ್ತನ್ನು ಒಮ್ಮೆ ನೋಡಿದಳು.

"ಲೇ, ಮೊದ್ಲು ಮೇಷ್ಟ್ರನ್ನ ಬಿಚ್ಚೇ. ಮುದ್ದೆ ಆರೋಗ್ತಾ ಐತೆ, ಕೆಂಪಿನೂ ಕಟ್ಟಾಕ್ಬೇಕು."